ಕೆಲಸ ಮುಗಿಯಲಿ ಅಂತ ಕಾಯಬೇಡ, ಬಸು

ಪ್ರೀತಿಯ ಬಸು,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಭಾನುವಾರ ನೃಪತುಂಗ ಬೆಟ್ಟಕ್ಕೆ ಹೋಗಿದ್ದೆಯಂತೆ. ಇಡೀ ಹುಬ್ಬಳ್ಳಿ ಕಾಣುವ ಜಾಗದಲ್ಲಿ ಕೂತರೂ ತಲೆಯಲ್ಲಿ ಗೋಡೌನಿನ ವೈರ್ ಬಂಡಲ್ಲೇ ಓಡುತ್ತಿತ್ತಂತೆ. ಹತ್ತು ನಿಮಿಷಕ್ಕೇ ಇಳಿದು ಬಂದೆಯಂತೆ. ಅಷ್ಟು ಹೇಳಿ ಕೊನೆಗೆ, "ಸುಮ್ನ ಕೂಡೂದು ನನ್ನ ಹಣೇಬರಹದಾಗ ಇಲ್ಲ ಬಿಡೋ" ಅಂದೆಯಲ್ಲ, ಆ ಮಾತಿಗೆ ನನ್ನ ತಕರಾರಿದೆ. ಫೋನಿನಲ್ಲಿ ಹೇಳೋಣವೆಂದರೆ ನಡುವೆ ಗಿರಾಕಿ ಬರುತ್ತಾರೆ. ನೀನು "ಒಂದ್ನಿಮಿಷ" ಅಂತ ಹೋದವನು ತಿರುಗಿ ಬರುವುದೇ ಇಲ್ಲ. ಅದಕ್ಕೇ ಪತ್ರ. ಕೆಸಿಡಿಯ, ಅಂದರೆ ಧಾರವಾಡದ ಕರ್ನಾಟಕ ಕಾಲೇಜಿನ, ನಮ್ಮ ಬ್ಯಾಚಿನಲ್ಲಿ ನಿನ್ನಂಥವರು ಇನ್ನೂ ಇದ್ದಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಸಿಟ್ಟಾಗಬೇಡ.

ಮೊದಲು ಒಂದು ತಮಾಷೆಯ ವಿಷಯ. 2014ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಖಾಲಿ ಕೋಣೆ, ಕೈಯಲ್ಲಿ ಮೊಬೈಲ್ ಇಲ್ಲ, ಪುಸ್ತಕ ಇಲ್ಲ, ಹದಿನೈದು ನಿಮಿಷ ಸುಮ್ಮನೆ ಕೂರಬೇಕು. ಬೇಕಾದರೆ ಗುಂಡಿ ಒತ್ತಿ ತಮಗೆ ತಾವೇ ಸಣ್ಣ ಕರೆಂಟ್ ಶಾಕ್ ಕೊಟ್ಟುಕೊಳ್ಳಬಹುದು. ಆ ಶಾಕ್ ತಪ್ಪಿಸಿಕೊಳ್ಳಲು ದುಡ್ಡು ಕೊಡುವುದಕ್ಕೂ ತಯಾರು ಅಂತ ಮೊದಲೇ ಹೇಳಿದ್ದವರು ಅವರು. ಆದರೂ 18 ಗಂಡಸರಲ್ಲಿ 12 ಜನ ಗುಂಡಿ ಒತ್ತಿದರು. 24 ಹೆಂಗಸರಲ್ಲಿ 6 ಜನ. ಸುಮ್ಮನೆ ಕೂರುವುದಕ್ಕಿಂತ ಶಾಕ್ ವಾಸಿ ಅನ್ನಿಸಿತು ಅವರಿಗೆ! ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು ನೀನು, ಅಲ್ಲಿದ್ದಿದ್ದರೆ ಗುಂಡಿ ಒತ್ತುವುದಷ್ಟೇ ಅಲ್ಲ, ವೈರಿಂಗೂ ಸರಿ ಮಾಡಿ ಬರುತ್ತಿದ್ದೆ. ಅಂದರೆ ಇದು ನಿನ್ನೊಬ್ಬನ ಹಣೆಬರಹ ಅಲ್ಲ. ಸುಮ್ಮನಿರುವುದು ಬಹಳ ಜನಕ್ಕೆ ತಾನಾಗಿ ಬರುವುದಿಲ್ಲ, ಈಜಿನ ಹಾಗೆ ಕಲಿಯಬೇಕು.

ಕೂತ ತಕ್ಷಣ ಚಡಪಡಿಕೆ ಜಾಸ್ತಿಯೇ ಆಗುತ್ತದೆ ಅಂದೆ. ಆಗುತ್ತದೆ. ಬೆಳಿಗ್ಗೆಯಿಂದ ನಿನ್ನ ಮೈ ಓಟದ ತಯಾರಿಯಲ್ಲೇ ಇರುತ್ತದೆ. ಎದೆ ಬಡಿತ ಜೋರು, ಉಸಿರು ಮೇಲೆ ಮೇಲೆ, ಸ್ನಾಯು ಬಿಗಿ. ಅಂಗಡಿ ಶಟರ್ ಎಳೆದರೆ ಮೈಯೂ ಅದೇ ಕ್ಷಣ ಇಳಿಯುವುದಿಲ್ಲ. ಕೈಯಲ್ಲಿ ಕೆಲಸ ಇದ್ದಾಗ ಆ ಬಿಗಿ ಗೊತ್ತಾಗುವುದಿಲ್ಲ, ಕೆಲಸ ಬಿಟ್ಟಾಗ ಗೊತ್ತಾಗುತ್ತದೆ. ನೀನು ಬೆಟ್ಟದ ಮೇಲಿಂದ ಎದ್ದು ಬಂದದ್ದು ಸರಿಯಾಗಿ ಆ ಹೊತ್ತಿಗೇ. ಇನ್ನೊಂದಿಷ್ಟು ಹೊತ್ತು ಕೂತಿದ್ದರೆ ಅದು ತಾನಾಗಿ ಇಳಿಯಲು ಶುರುವಾಗುತ್ತಿತ್ತೇನೋ.

ನಿನಗೆ ಬರೀ ಮಾತು ಹಿಡಿಸುವುದಿಲ್ಲ, ನನಗೂ ಮಾಸ್ತರಿಕೆಯ ಚಟ. ಈಗಲೇ ಮಾಡಿ ನೋಡು. ಎಡಗೈ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಒಳಬದಿಗೆ, ಬಲಗೈಯ ಎರಡು ಬೆರಳಿಟ್ಟು ನಾಡಿ ಹುಡುಕು. ಜೋರಾಗಿ ಒತ್ತಬೇಡ. ಸಿಕ್ಕಿತಾ? ಈಗ ನಿಧಾನಕ್ಕೆ ಉಸಿರು ಒಳಗೆ ಎಳೆದುಕೋ. ಬಡಿತ ಚೂರು ಬೇಗ ಬೇಗ ಬರುತ್ತದೆ. ಇನ್ನು ಉದ್ದಕ್ಕೆ ಬಿಡು. ಬಡಿತದ ನಡುವೆ ಅಂತರ ಹೆಚ್ಚುತ್ತದೆ. ಕೆಲವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ, ಕೆಲವರಿಗೆ ಕಷ್ಟ. ಮಿದುಳಿನ ಬುಡದಿಂದ ಹೊರಟು ಎದೆ, ಹೊಟ್ಟೆಯವರೆಗೆ ಹೋಗುವ ವೇಗಸ್ ಎಂಬ ನರ ಇದೆ, ಹೃದಯಕ್ಕೆ ಬ್ರೇಕ್ ಹಾಕುವುದು ಅದು. ಉಸಿರು ಬಿಡುವಾಗ ಅದರ ಹಿಡಿತ ಹೆಚ್ಚು. ಅದಕ್ಕೇ ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಬೇಕು. ನಾಲ್ಕು ಎಣಿಸಿ ಎಳೆದುಕೋ, ಆರು ಎಣಿಸಿ ಬಿಡು. ನಿಮಿಷಕ್ಕೆ ಆರು ಉಸಿರು ಬರುತ್ತದೆ. ಐದು ನಿಮಿಷ ಸಾಕು. ತಲೆ ಸುತ್ತಿದ ಹಾಗಾದರೆ ಬಿಟ್ಟುಬಿಡು, ಇದರಲ್ಲಿ ಪೈಲ್ವಾನಿಕೆ ಬೇಡ.

ಕಣ್ಣು ಮುಚ್ಚಿ ಉಸಿರು ನೋಡಿದರೆ ಇನ್ನೂ ಗಾಬರಿ ಆಗುವವರಿದ್ದಾರೆ. ನೀನು ಆ ಪೈಕಿ ಇರಬಹುದು. ಅಂಥವರಿಗೆ ಸ್ನಾಯುಗಳ ದಾರಿ ಸುಲಭ. ಶಿಕಾಗೋದ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯ ಸುಮಾರು ನೂರು ವರ್ಷದ ಹಿಂದೆ ರೂಢಿಗೆ ತಂದದ್ದು. ಮೈ ಸಡಿಲ ಬಿಡು ಅಂದರೆ ಹೆಚ್ಚಿನವರಿಗೆ ಬಿಡಲು ಬರುವುದಿಲ್ಲ, ಎಲ್ಲಿ ಬಿಗಿದಿದೆ ಅನ್ನುವುದೇ ಗೊತ್ತಿರುವುದಿಲ್ಲ. ಅದಕ್ಕೆ ಮೊದಲು ಬೇಕಂತಲೇ ಬಿಗಿ ಮಾಡು. ಮುಷ್ಟಿಯನ್ನು ಐದು ಸೆಕೆಂಡ್ ಗಟ್ಟಿ ಹಿಡಿದು ಒಮ್ಮೆಲೇ ಬಿಡು, ಬಿಟ್ಟ ಮೇಲೆ ಅದರ ಎರಡರಷ್ಟು ಹೊತ್ತು ಆ ಕೈಯನ್ನೇ ಗಮನಿಸು. ಆಮೇಲೆ ಭುಜ, ಮುಖ, ಹೊಟ್ಟೆ, ಕಾಲು. ನಿನ್ನದು ಭುಜ ಮತ್ತು ದವಡೆ ಅಂತ ನನ್ನ ಲೆಕ್ಕ. ಗಲ್ಲಾದ ಮುಂದೆ ಕೂತು ಬಿಲ್ ಬರೆಯುವಾಗ ನಿನ್ನ ಭುಜ ಕಿವಿಗೆ ತಾಗುವಷ್ಟು ಮೇಲಿರುತ್ತದೆ, ಹಲ್ಲು ಕಚ್ಚಿಕೊಂಡಿರುತ್ತೀ. ವೈನಿಯನ್ನು ಕೇಳು, ಸುಳ್ಳಾ ಅಂತ.

ಇದೆಲ್ಲ ತಂತ್ರ ಆಯಿತು. ನಾನು ಹೇಳಬೇಕೆಂದದ್ದು ಬೇರೆ. "ಈ ಸೀಸನ್ ಮುಗೀಲಿ, ಆಮೇಲೆ ಆರಾಮ್ ಇರ್ತೀನಿ" ಅಂತ ನೀನು ಯಾವಾಗಿನಿಂದಲೂ ಹೇಳುತ್ತಲೇ ಇದ್ದೀ. ಬೇಸಿಗೆಯಲ್ಲಿ ಫ್ಯಾನು, ಮಳೆಗಾಲದಲ್ಲಿ ಪಂಪಿನ ಸ್ಟಾರ್ಟರು, ದೀಪಾವಳಿಗೆ ಸೀರಿಯಲ್ ಸೆಟ್ಟು. ನಿನ್ನ ಅಂಗಡಿಗೆ ಸೀಸನ್ ಮುಗಿಯುವುದು ಯಾವಾಗ ಹೇಳು? ವಿಶ್ರಾಂತಿಯನ್ನು ನೀನು ಕೆಲಸದ ಕೂಲಿ ಅಂತ ತಿಳಿದಿದ್ದೀ. ಕೆಲಸ ಮುಗಿಯುವುದಿಲ್ಲ, ಕೂಲಿ ಸಿಗುವುದಿಲ್ಲ.

ಬ್ಯಾಡಗಿ ಕಡೆಯ ಹೊಲದ ಮನೆಯಲ್ಲಿ ಬೆಳೆದವನು ನೀನು. ನಿಮ್ಮ ಅಪ್ಪಾರು ಸೋಮವಾರ ಎತ್ತು ಹೂಡುತ್ತಿದ್ದರಾ? ಬಸವಣ್ಣನ ವಾರ ಅಂತ ನಮ್ಮ ಕಡೆ ಯಾರೂ ಹೂಡುತ್ತಿರಲಿಲ್ಲ. ಬಿತ್ತನೆ ಅರ್ಧಕ್ಕೆ ನಿಂತಿರಲಿ, ಹದ ಆರುತ್ತಿರಲಿ, ಸೋಮವಾರ ಅಂದರೆ ಸೋಮವಾರ. ಎತ್ತಿನ ಮೈ ತೊಳೆದು, ಮೇವು ಹಾಕಿ, ನೆರಳಿಗೆ ಕಟ್ಟುತ್ತಿದ್ದರು. ಹೊಲ ಎಷ್ಟು ಬಾಕಿ ಇದೆ ಅಂತ ನೋಡಿ ಅವಕ್ಕೆ ರಜೆ ಕೊಡುತ್ತಿರಲಿಲ್ಲ, ವಾರ ನೋಡಿ ಕೊಡುತ್ತಿದ್ದರು. ಎತ್ತುಗಳಿಗೆ ಇದ್ದ ಕಾನೂನು ಆ ಮನೆಯ ಮಗನಿಗೆ ಯಾಕಿಲ್ಲ? ಇಡೀ ದಿನ ಬೇಡ. ಮಧ್ಯಾಹ್ನ ಊಟದ ಮೇಲೆ ಹದಿನೈದು ನಿಮಿಷ ಸಾಕು. ಗಿರಾಕಿ ಇರಲಿ ಬಿಡಲಿ. ಹುಡುಗ ನೋಡಿಕೊಳ್ಳುತ್ತಾನೆ, ಅವನಿಗೆ ಸಂಬಳ ಕೊಡುವುದು ಅದಕ್ಕೇ ತಾನೆ.

ಆ ಹದಿನೈದು ನಿಮಿಷದಲ್ಲಿ ರೀಲ್ಸ್ ನೋಡಿದರೆ ಲೆಕ್ಕಕ್ಕಿಲ್ಲ. ಉಸಿರು ಎಣಿಸುವ ಆ್ಯಪ್ ಕೂಡ ನಿನಗೆ ಬೇಡ ಅಂತೀನಿ. ಇವತ್ತು ಎಷ್ಟು ಅಂಕ ಬಂತು, ನಿನ್ನೆಗಿಂತ ಜಾಸ್ತಿನಾ ಅಂತ ಅದರಲ್ಲೂ ಟಾರ್ಗೆಟ್ ಹಾಕಿಕೊಳ್ಳುವ ಆಸಾಮಿ ನೀನು. ದಾಂಡೇಲಿಗೆ ಎರಡು ದಿನ ಹೋಗಿ ಬಾ ಅಂತ ಎಲ್ಲರೂ ಹೇಳುತ್ತಾರೆ. ಹೋಗು, ಮಕ್ಕಳಿಗೆ ಖುಷಿ. ಆದರೆ ವರ್ಷಕ್ಕೊಮ್ಮೆ ದಾಂಡೇಲಿಯಿಂದ ನಿನ್ನ ಅಂಗಡಿಯ, ದಾಜಿಬಾನ ಪೇಟೆಯ ದಿನಗಳು ಬದಲಾಗುವುದಿಲ್ಲ.

ರಾತ್ರಿ ತಲೆ ನಿಲ್ಲುವುದಿಲ್ಲ ಅಂದೆಯಲ್ಲ, ಅದಕ್ಕೆ ಒಂದು ದಾರಿ ಇದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನರನ್ನು ಮಲಗುವ ಮುಂಚೆ ಐದು ನಿಮಿಷ ಬರೆಯಲು ಕೂರಿಸಿದರು. ಅರ್ಧ ಜನ ಮುಗಿಸಿದ ಕೆಲಸ ಬರೆದರು, ಇನ್ನರ್ಧ ಮುಂದೆ ಮಾಡಬೇಕಾದದ್ದು. ಬಾಕಿ ಕೆಲಸ ಬರೆದವರು ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು. 2018ರಲ್ಲಿ ಪ್ರಕಟವಾದ ಅಧ್ಯಯನ. ನಾನಾಗಿದ್ದರೆ ಉಲ್ಟಾ ಊಹಿಸುತ್ತಿದ್ದೆ, ಬಾಕಿ ಕೆಲಸ ನೆನೆದರೆ ನಿದ್ದೆ ಹಾರುತ್ತದೆ ಅಂತ. ಕಾಗದಕ್ಕೆ ಇಳಿಸಿದ್ದನ್ನು ತಲೆ ಹಿಡಿದಿಟ್ಟುಕೊಳ್ಳಬೇಕಾಗಿಲ್ಲವಲ್ಲ. ಎಷ್ಟು ಬಿಡಿಸಿ ಬರೆದರೋ ಅಷ್ಟು ಬೇಗ ನಿದ್ದೆ ಬಂತಂತೆ. ನೀನು ಹೇಗೂ ಕಿರ್ದಿ ಬರೆಯುತ್ತೀ. ಅದು ಮುಗಿದ ಮೇಲೆ ಬೇರೆ ಹಾಳೆಯಲ್ಲಿ ನಾಳೆಯದು ಬರೆದಿಡು. "ಪೇಮೆಂಟ್" ಅಂತ ಒಂದೇ ಪದ ಬೇಡ, ಯಾರಿಂದ, ಎಷ್ಟು, ಎಷ್ಟು ಗಂಟೆಗೆ ಫೋನ್ ಅಂತ ಬರೆ. ಹಾಳೆಯನ್ನು ಅಂಗಡಿಯಲ್ಲೇ ಬಿಟ್ಟು ಬಾ.

ಇನ್ನು ಉದ್ರಿ. ಎರಡು ಲಕ್ಷ ಉದ್ರಿ ಹೊರಗಿದ್ದರೆ ಯಾವ ಪ್ರಾಣಾಯಾಮವೂ ನಿನ್ನನ್ನು ಮಲಗಿಸುವುದಿಲ್ಲ. ಅದು ಮನಸ್ಸಿನ ಸಮಸ್ಯೆ ಅಲ್ಲ, ವಸೂಲಿ ಸಮಸ್ಯೆ. ಹೊಸ ಉದ್ರಿ ನಿಲ್ಲಿಸು, ಅಷ್ಟೇ. ಮತ್ತೆ ಆ ರಾತ್ರಿ ಒಂಬತ್ತರ ಚಹಾ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು, ಒಬ್ಬೊಬ್ಬರಿಗೆ ಹೆಚ್ಚು ಕಡಿಮೆ. ಸಂಜೆ ನಾಲ್ಕಕ್ಕೆ ಗಿರ್ಮಿಟ್ ಜೊತೆ ಕುಡಿದು ಮುಗಿಸು.

ಗಂಗೂಬಾಯಿ ಹಾನಗಲ್ ಅವರ ಊರಲ್ಲಿ ಅಂಗಡಿ ಇಟ್ಟುಕೊಂಡು ನೀನು ಸಂಗೀತ "ಬೋರ್" ಅಂತೀಯಲ್ಲ, ಅದಕ್ಕೂ ನನಗೆ ಸಿಟ್ಟಿದೆ. ಯೂಟ್ಯೂಬಿನಲ್ಲಿ ಅವರದೊಂದು ವಿಲಂಬಿತ ಖಯಾಲ್, ಅಂದರೆ ನಿಧಾನ ಗತಿಯ ಹಾಡು, ಹಾಕಿಕೋ, ಏಕತಾಳದ್ದು. ತಾಳದ ಒಂದು ಸುತ್ತಿಗೆ ಹನ್ನೆರಡು ಮಾತ್ರೆ, ಅಂದರೆ ಹನ್ನೆರಡು ಎಣಿಕೆ. ಬಹಳ ವಿಲಂಬಿತದಲ್ಲಿ ಒಂದು ಸುತ್ತು ಮುಗಿಯಲು ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯುತ್ತದೆ. ಹಾಡುವವರು ಎಲ್ಲೆಲ್ಲೋ ಅಡ್ಡಾಡಿ ಸರಿಯಾಗಿ ಸಮಕ್ಕೆ, ಅಂದರೆ ಸುತ್ತಿನ ಮೊದಲ ಎಣಿಕೆಗೆ, ಬಂದು ಸೇರುತ್ತಾರೆ. ರಾಗ ಯಾವುದು ಅಂತ ತಿಳಿಯುವ ಗೋಜು ಬೇಡ, ಸಮ ಎಲ್ಲಿ ಬೀಳುತ್ತದೆ ಅಂತ ಮಾತ್ರ ಕಾಯಿ. ಮುಂದಕ್ಕೆ ಓಡಿಸಲು ಬೆರಳು ಹೋಗುತ್ತದೆ, ಹೋಗಲಿ, ವಾಪಸ್ ತೆಗೆದುಕೋ.

ತಿಂಗಳು ಕಳೆದರೂ ಹೀಗೇ ಇದ್ದರೆ, ನಿದ್ದೆ ಕೆಟ್ಟರೆ, ಕೈ ನಡುಗಿದರೆ, ತೂಕ ಇಳಿದರೆ ಡಾಕ್ಟರಿಗೆ ತೋರಿಸು. ಥೈರಾಯ್ಡ್ ಜಾಸ್ತಿಯಾದರೂ ಇಂಥದ್ದೇ ಚಡಪಡಿಕೆ, ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮನಸ್ಸಿನ ವಿಷಯ ಮಾತಾಡಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಫೋನ್ ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ, ಬೇಕಾದರೆ ನಾನೇ ಜೊತೆಗೆ ಬರುತ್ತೇನೆ. ಅಲ್ಲಿಗೆ ಹೋದರೆ ಜನ ಏನಂತಾರೋ ಅನ್ನುವ ಮಾತು ನನ್ನ ಮುಂದೆ ತೆಗೆಯಬೇಡ.

ಮುಂದಿನ ಭಾನುವಾರ ಮನೆಗೆ ಬಾ. ಹೆಲ್ಮೆಟ್ಟಿನೊಳಗೆ ಮೊಬೈಲ್ ಸಿಗಿಸಿಕೊಂಡು ಗಾಡಿ ಮೇಲೆ ಬರಬೇಡ, ಚಿಗರಿ ಬಸ್ಸಿಗೆ ಬಾ, ಕಿಟಕಿ ಹತ್ತಿರ ಕೂತುಕೋ. ಊಟಕ್ಕೆ ರೊಟ್ಟಿ, ಎಣ್ಣೆಗಾಯಿ ಮಾಡಿಸುತ್ತೇನೆ. ಬರುವಾಗ ಆ ಎರಡು ಪಿನ್ನಿನ ಹೋಲ್ಡರ್ ತಗೊಂಡು ಬಾ, ಅಡುಗೆಮನೆಯದು ಹೋಗಿದೆ. ರೊಕ್ಕ ಅಲ್ಲೇ ಕೊಡ್ತೀನಿ, ಉದ್ರಿ ಬೇಡ.

ನಿನ್ನ,
ಮಾಸ್ತರ
ಧಾರವಾಡ