ಗಡಿಯಾರಕ್ಕೆ ನೇತಾಡುವ ಮುಂಚೆ

ಚಿ. ಪುಟ್ಟುವಿಗೆ ಮಾವನ ಆಶೀರ್ವಾದ.

ಅಕ್ಕ ಫೋನ್ ಮಾಡಿದ್ದಳು. ರೀಲ್ಸ್‌ಗೋಸ್ಕರ ತಾರಸಿಯ ಅಂಚು ಹಿಡಿದು ನೇತಾಡಿದೆಯಂತೆ. ಕೇಳಿದರೆ ‘ಹೆರಾಲ್ಡ್ ಲಾಯ್ಡ್ ಮಾಡಿಲ್ವಾ’ ಅಂದೆಯಂತೆ. ಬೈಯುವ ಕೆಲಸ ಅವಳು ಮುಗಿಸಿದ್ದಾಳೆ. ನಾನು ಸಿನಿಮಾ ವಿಷಯ ಮಾತ್ರ ಬರೆಯುತ್ತೇನೆ.

ನೀನು ನೋಡಿರುವುದು ‘ಸೇಫ್ಟಿ ಲಾಸ್ಟ್’ನ ಗಡಿಯಾರದ ತುಣುಕು ಅಷ್ಟೇ, ಅಲ್ವಾ? 1923ರ ಮೂಕಿ ಹಾಸ್ಯಚಿತ್ರ ಅದು, ನಾಯಕ ಲಾಯ್ಡ್. ಎತ್ತರದ ಕಟ್ಟಡದ ಗಡಿಯಾರದ ಮುಳ್ಳು ಹಿಡಿದು ನೇತಾಡುತ್ತಾನೆ. ಆ ಗಡಿಯಾರದ ಗೋಡೆ ಬರೀ ಸೆಟ್. ಲಾಸ್ ಏಂಜಲೀಸ್‌ನಲ್ಲಿ ನಿಜವಾದ ಕಟ್ಟಡದ ತಾರಸಿ ಮೇಲೆ ಕಟ್ಟಿದ್ದು. ಲಾಯ್ಡ್ ಕೆಳಗೆ ಹಾಸಿಗೆ ಹಾಕಿದ ಅಟ್ಟಣೆ ಇತ್ತು. ಕ್ಯಾಮೆರಾಕ್ಕೆ ಅದು ಕಾಣದು, ಕೆಳಗಿನ ಬೀದಿ ಮಾತ್ರ ಕಾಣುತ್ತದೆ. ದೂರದ ಶಾಟ್‌ಗಳಲ್ಲಿ ಹತ್ತಿದವನು ಬಿಲ್ ಸ್ಟ್ರೋಥರ್. ಅವನಿಗೆ ಕಟ್ಟಡ ಹತ್ತುವುದೇ ಕಸುಬು. ಅವನು ಹತ್ತುವುದನ್ನು ಕಂಡೇ ಲಾಯ್ಡ್‌ಗೆ ಈ ಚಿತ್ರ ಹೊಳೆದದ್ದು. ನೋಡಲಾಗದೆ ಲಾಯ್ಡ್ ಮೂಲೆ ತಿರುಗಿ ನಿಂತು, ಆಗಾಗ ಇಣುಕುತ್ತಿದ್ದನಂತೆ. ಪ್ರೇಕ್ಷಕರಿಗೂ ಅದೇ ಪಾಡು ತಂದಿಟ್ಟ. ಕಣ್ಣು ಮುಚ್ಚಬೇಕು ಅನಿಸುತ್ತದೆ, ಬಿಟ್ಟೂ ನೋಡಬೇಕು.

ಅವನೇನು ಪುಕ್ಕಲನಲ್ಲ. 1919ರಲ್ಲಿ ಫೋಟೋ ತೆಗೆಸುವಾಗ, ಸುಳ್ಳು ಬಾಂಬ್ ಅಂದುಕೊಂಡದ್ದು ಸಿಡಿದು ಬಲಗೈ ಹೆಬ್ಬೆರಳು, ತೋರುಬೆರಳು ಹೋಗಿದ್ದವು. ಕೃತಕ ಬೆರಳಿನ ಕೈಗವಸು ಹಾಕಿಕೊಂಡೇ ಈ ಚಿತ್ರ ಮಾಡಿದ. ಅಂಥವನೇ ಹಾಸಿಗೆ ಹಾಕಿಸಿದ, ತಿಳಿಯಿತಾ?

ಇನ್ನು ನಗು. ಅದು ಗಡಿಯಾರದಿಂದ ಶುರುವಾಗಿದ್ದಲ್ಲ. ಚಿತ್ರದಲ್ಲಿ ಲಾಯ್ಡ್ ಊರು ಬಿಟ್ಟು ಬಂದ ಹುಡುಗ, ದೊಡ್ಡ ಅಂಗಡಿಯ ಬಟ್ಟೆ ಕೌಂಟರಿನಲ್ಲಿ ಕೆಲಸ. ಊರಿನ ಹುಡುಗಿಗೆ ಮಾತ್ರ ತಾನು ದೊಡ್ಡ ಮನುಷ್ಯ ಅಂತ ಕಾಗದ. ಬಾಡಿಗೆ ಕೇಳಲು ಮನೆ ಒಡತಿ ಬಂದರೆ ಗೆಳೆಯನೂ ಇವನೂ ಗೋಡೆಗೆ ತೂಗುಹಾಕಿದ ಕೋಟಿನೊಳಗೆ ಕಾಲು ಮಡಚಿ ನೇತುಬೀಳುತ್ತಾರೆ. ಊರಿನ ಹುಡುಗಿಗೆಂದು ಸರ ಕೊಳ್ಳುವಾಗ ಒಂದೊಂದು ನಾಣ್ಯ ಎಣಿಸಿದಂತೆ ಅವನ ಮಧ್ಯಾಹ್ನದ ಊಟದ ಒಂದೊಂದು ಪದಾರ್ಥ ಕಣ್ಣೆದುರೇ ಮಾಯ! ನನಗೆ ಗಡಿಯಾರಕ್ಕಿಂತ ಇದೇ ಜಾಸ್ತಿ ಇಷ್ಟ. ಇಷ್ಟೆಲ್ಲ ನೋಡಿದ ಮೇಲೆ ಅವನು ನಮ್ಮವನಾಗಿಬಿಡುತ್ತಾನೆ. ಅಂಗಡಿಗೆ ಜನ ಸೇರಿಸಲು ಗೆಳೆಯ ಕಟ್ಟಡ ಹತ್ತಬೇಕಿತ್ತು. ಆ ಗೆಳೆಯನ ಹಿಂದೆ ಪೊಲೀಸ್ ಬಿದ್ದಿದ್ದಾನೆ, ಹಾಗಾಗಿ ಇವನೇ ಹತ್ತಲು ಶುರು ಮಾಡುತ್ತಾನೆ. ‘ಇನ್ನೊಂದು ಮಹಡಿ ಹತ್ತಿರು, ಬಂದೆ’ ಅನ್ನುತ್ತಲೇ ಗೆಳೆಯ ಓಡುತ್ತಾನೆ. ಇವನು ಹತ್ತುತ್ತಲೇ ಹೋಗುತ್ತಾನೆ. ಪಾರಿವಾಳ ಮುತ್ತುತ್ತವೆ, ಪ್ಯಾಂಟಿನೊಳಗೆ ಇಲಿ ಹೋಗುತ್ತದೆ. ಎಲ್ಲದಕ್ಕೂ ನಮ್ಮ ಎದೆ ಹೊಡೆದುಕೊಳ್ಳುತ್ತದೆ, ಜೊತೆಗೆ ನಗು.

ನಿನ್ನ ರೀಲಿನಲ್ಲಿ ನೇತಾಡುತ್ತಿರುವವನು ಯಾರು? ಯಾಕೆ ಹತ್ತಿದ? ನೋಡುವವರಿಗೆ ಮೊದಲು ಅದನ್ನು ಹೇಳು. ನೇತಾಡಲು ನಮ್ಮ ಕಾಂಪೌಂಡ್ ಗೋಡೆ ಸಾಕು. ಫೋನ್ ಎಲ್ಲಿ ಹಿಡಿಯಬೇಕು ಅಂತ ಭಾನುವಾರ ಬಂದಾಗ ನೋಡೋಣ. ಹಳೆಯ ಹಾಸಿಗೆ ಎರಡಿವೆ, ತಂದುಕೊಡುತ್ತೇನೆ.

ಇತಿ,
ನಿನ್ನ ಮಾವ