ಚಾಸಿಯ ಬಿರುಕಿಗೆ ತೇಪೆ ಮದ್ದಲ್ಲ

ಮಾನ್ಯ ಸಂಪಾದಕರೇ,

ಹಳೆಯ ಬಸ್ಸನ್ನು ಓಡಾಡುವ ಮನೆಯಾಗಿ ಮಾರ್ಪಡಿಸುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಒಳಾಂಗಣವನ್ನು ಚೆನ್ನಾಗಿ ವಿವರಿಸಿತ್ತು. ಚಾಸಿಯ ವಿಷಯ ಬಂದಾಗ ಮಾತ್ರ, ಬಿರುಕು ಕಂಡರೆ ವೆಲ್ಡ್ ಮಾಡಿಸಿ ಮೇಲೊಂದು ದಪ್ಪ ಪಟ್ಟಿ ಕೂರಿಸಿ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿತು. ಅಷ್ಟನ್ನೇ ನಂಬಿದರೆ ಬಿರುಕು ವಾಸಿಯಾಗುವುದಿಲ್ಲ, ಜಾಗ ಬದಲಿಸುತ್ತದೆ. ಪಟ್ಟಿ ಎಲ್ಲಿ ಮುಗಿಯುತ್ತದೋ ಅಲ್ಲೇ ಮತ್ತೆ ಬಾಯಿ ಬಿಡುತ್ತದೆ.

ಏಣಿ ಚಾಸಿ ಎಂದರೆ 'ಸಿ' ಆಕಾರದ ಎರಡು ಉದ್ದ ತೊಲೆ, ಅವನ್ನು ಬೆಸೆದಿಡುವ ಅಡ್ಡ ತೊಲೆಗಳು. ರಸ್ತೆಯ ಏರುತಗ್ಗಿಗೆ ಅದು ಒಂದಿಷ್ಟು ಬಳುಕಲೇಬೇಕು, ತಿರುಚಿಕೊಳ್ಳಲೇಬೇಕು. ಆ ಬಳುಕು ಉದ್ದಕ್ಕೂ ಹಂಚಿಹೋದರೆ ತೊಂದರೆಯಿಲ್ಲ. ಒಂದೇ ಕಡೆ ಸೇರಿಕೊಂಡರೆ ಅಲ್ಲಿ ಲೋಹ ದಣಿಯುತ್ತದೆ. ಹಾಗಾಗಿ ಬಿರುಕು ಹುಡುಕಬೇಕಾದದ್ದು ಸ್ಪ್ರಿಂಗ್ ಬ್ರ್ಯಾಕೆಟ್, ಶಾಕ್ ಅಬ್ಸಾರ್ಬರ್ ಮತ್ತು ಸ್ಟಿಯರಿಂಗ್ ಬಾಕ್ಸ್ ಕೂತ ಜಾಗ, ರಿವೆಟ್ ತೂತುಗಳು, ಹಿಂದಿನ ರಿಪೇರಿಯ ಪಟ್ಟಿಗಳ ತುದಿ, ಇಷ್ಟರ ಸುತ್ತ. ಎರಡು ಆಕ್ಸಲ್‌ಗಳ ನಡುವೆ ಸಾಮಾನ್ಯವಾಗಿ ತೊಲೆಯ ಕೆಳ ಫ್ಲ್ಯಾಂಜ್ ('ಸಿ'ಯ ಮಡಿಚಿದ ಅಡ್ಡ ಅಂಚು) ಎಳೆತಕ್ಕೆ ಸಿಗುತ್ತದೆ, ಬಿರುಕು ಶುರುವಾಗುವುದು ಎಳೆತ ಇರುವ ಕಡೆಯೇ. ಹಿಂದಿನ ಆಕ್ಸಲ್ ದಾಟಿ ಚಾಚಿಕೊಂಡ ಭಾಗದಲ್ಲಿ ಹಾಗಲ್ಲ, ಎಳೆತ ಇರುವುದು ಮೇಲಿನ ಫ್ಲ್ಯಾಂಜ್‌ಗೆ. ಅದೋ ಪ್ಲೈವುಡ್ ನೆಲದ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಕೆಳಗೆ ಮಲಗಿ ನೋಡುವವರಿಗೆ ತೊಲೆಯ ನೇರ ಗೋಡೆಯಲ್ಲಿ ಗೆರೆ ಕಾಣುವ ಹೊತ್ತಿಗೆ ಮೇಲಿನ ಫ್ಲ್ಯಾಂಜ್ ಪೂರ್ತಿ ತುಂಡಾಗಿರಬಹುದು. ಆ ಭಾಗದ ನೆಲ ಬಿಚ್ಚದೆ ರಿಪೇರಿಗೆ ಕೈ ಹಾಕಬಾರದು.

ಮಾರ್ಪಡಿಸಿದ ಬಸ್ಸುಗಳಲ್ಲಿ ಈ ಹಿಂಭಾಗದ ಬಿರುಕು ಹೆಚ್ಚಲು ಕಾರಣ ಲೆಕ್ಕದಲ್ಲೇ ಇದೆ. ಆಕ್ಸಲ್‌ಗಳ ಅಂತರ 6 ಮೀಟರ್ ಇರುವ ಬಸ್ಸಿನಲ್ಲಿ, ಹಿಂದಿನ ಆಕ್ಸಲ್‌ನಿಂದ 3 ಮೀಟರ್ ಆಚೆ 300 ಲೀಟರ್ ನೀರಿನ ಟ್ಯಾಂಕ್ ತೂಗುಹಾಕಿದರೆ ನೀರಿನ ಭಾರವೇ 300 ಕಿಲೊ. ಹಿಂದಿನ ಆಕ್ಸಲ್ ಮೇಲೆ ಬೀಳುವುದು 450 ಕಿಲೊ, ಏಕೆಂದರೆ ಮುಂದಿನ ಆಕ್ಸಲ್ 150 ಕಿಲೊ ಹಗುರಾಗುತ್ತದೆ. ಗುಂಡಿಗೆ ಬಿದ್ದೆದ್ದಾಗಲೆಲ್ಲ ಆ ಹೊರೆ ಇನ್ನಷ್ಟು ಜೋರಾಗಿ ಜಗ್ಗುತ್ತದೆ. ಬ್ಯಾಟರಿ, ಜನರೇಟರ್ ಕೂಡ ಅಲ್ಲೇ ಸೇರಿದರೆ ಕೇಳುವುದೇ ಬೇಡ. ಟ್ಯಾಂಕ್ ತುಂಬಿಸಿ, ಸಾಮಾನು ಹೇರಿ, ಒಂದೊಂದು ಆಕ್ಸಲನ್ನೂ ಬೇರೆ ಬೇರೆಯಾಗಿ ತೂಕದ ಸೇತುವೆಯಲ್ಲಿ ತೂಗಿಸಿ. ಭಾರವನ್ನು ಆಕ್ಸಲ್‌ಗಳ ನಡುವೆ ತರದೆ ಮಾಡಿದ ಬೆಸುಗೆ ದುಡ್ಡು ದಂಡ. ಮುರಿದ ಸ್ಪ್ರಿಂಗ್ ಪಟ್ಟಿ, ಸಡಿಲಾದ ಯು-ಬೋಲ್ಟ್, ಸವೆದ ಬುಷ್ ಇದ್ದರೆ ಅವೂ ಮೊದಲೇ ಸರಿಯಾಗಬೇಕು.

ಬಿರುಕಿನ ನಿಜವಾದ ತುದಿ ಬರಿಗಣ್ಣಿಗೆ ಸಿಗುವುದಿಲ್ಲ. ಬಣ್ಣ, ತುಕ್ಕು, ಗ್ರೀಸ್ ತೆಗೆದು ಡೈ ಪೆನಿಟ್ರೆಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಬಳಸಿ. ಕೆಂಪು ದ್ರವ ಸಿಂಪಡಿಸಿ 10ರಿಂದ 15 ನಿಮಿಷ ಬಿಡಿ, ಆಮೇಲೆ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಕ್ಲೀನರನ್ನು ನೇರವಾಗಿ ಚಾಸಿಗೆ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಬಿಳಿ ಡೆವಲಪರ್ ಸಿಂಪಡಿಸಿ ಸುಮಾರು 10 ನಿಮಿಷ ಕಾದರೆ ಕೆಂಪು ಗೆರೆ ತಾನಾಗಿ ಮೂಡುತ್ತದೆ. ಅದರ ತುದಿಯಲ್ಲಿ 6 ಮಿ.ಮೀ. ತೂತು ಕೊರೆಯಿರಿ. ಚೂಪು ತುದಿ ದುಂಡಾದರೆ ಒತ್ತಡ ಹಂಚಿಹೋಗಿ ಬಿರುಕಿನ ಓಟ ನಿಲ್ಲುತ್ತದೆ. ಆದರೆ ಇದು ತಾತ್ಕಾಲಿಕ ಬೇಲಿ ಅಷ್ಟೆ, ರಿಪೇರಿ ಅಲ್ಲ.

ಎಲ್ಲ ಚಾಸಿಯನ್ನೂ ವೆಲ್ಡ್ ಮಾಡುವಂತಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಶಾಖೋಪಚಾರ ಮಾಡಿದ ಉಕ್ಕಿನ ತೊಲೆಯ ಮೇಲೆ ವೆಲ್ಡ್ ಮಾಡಬೇಡಿ, ಫ್ಲ್ಯಾಂಜ್ ಕೊರೆಯಬೇಡಿ ಎಂಬ ಸೂಚನೆ ಅಂಟಿಸಿರುವುದುಂಟು. ಬೆಸುಗೆಯ ಕಾವಿಗೆ ಅಂಥ ಉಕ್ಕು ಅಕ್ಕಪಕ್ಕದಲ್ಲಿ ಮೆತ್ತಗಾಗುತ್ತದೆ. ಹಳೆಯ ಬಸ್ಸಿನಲ್ಲಿ ಆ ಚೀಟಿ ಉಳಿದಿರುವುದು ಅಪರೂಪ. ತಯಾರಕರ ಬಾಡಿ ಕಟ್ಟುವ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ.

ವೆಲ್ಡ್ ಮಾಡಬಹುದಾದ ಉಕ್ಕಾದರೆ, ಟ್ಯಾಂಕ್ ಖಾಲಿ ಮಾಡಿ, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಬಿರುಕು ಮುಚ್ಚಿ ತೊಲೆ ನೇರವಾಗುವವರೆಗೆ ಚಾಸಿಯನ್ನು ಜಾಕ್‌ನಿಂದ ಎತ್ತಿ. ಭಾರ ಮಾತ್ರ ಸ್ಟ್ಯಾಂಡ್ ಮೇಲೆ ಕೂರಬೇಕು, ಜಾಕ್ ನಂಬಿ ಕೆಳಗೆ ನುಸುಳಬಾರದು. ಮೂಲೆಯಿಂದ ಮೂಲೆಗೆ ಅಳೆದಾಗ ಎರಡು ಕರ್ಣಗಳೂ ಸಮ ಇವೆಯೇ ನೋಡಿ, ಓರೆಯಾಗಿದ್ದಾಗ ಬೆಸೆದರೆ ಓರೆಯೇ ಕಾಯಂ. ಬ್ಯಾಟರಿಯ ಎರಡೂ ತುದಿ, ಆಲ್ಟರ್ನೇಟರ್, ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕನೆಕ್ಟರ್‌ಗಳನ್ನು ಬಿಚ್ಚಿ. ಅರ್ಥ್ ಕ್ಲ್ಯಾಂಪ್ ಬೆಸುಗೆಯ ಹತ್ತಿರವೇ ಇರಲಿ, ಕರೆಂಟು ಬೇರಿಂಗ್, ಸ್ಪ್ರಿಂಗ್ ಮೂಲಕ ಹಾಯಬಾರದು. ಡೀಸೆಲ್ ಪೈಪು, ಬ್ರೇಕಿನ ನೈಲಾನ್ ಗಾಳಿ ಕೊಳವೆ, ಅಡುಗೆ ಅನಿಲದ ಸಿಲಿಂಡರ್ ದೂರವಾಗಬೇಕು. ಮನೆಯಾದ ಬಸ್ಸಿನಲ್ಲಿ ಮರೆಯುವ ಅಪಾಯ ನೆಲದ ಒಳಗಿನ ಫೋಮ್. ಕೆಳಗೆ ಕಾದ ಉಕ್ಕು ಮೇಲೆ ಅದನ್ನು ಹೊತ್ತಿಸುತ್ತದೆ, ಬೆಂಕಿ ಕಾಣುವುದು ತಡವಾಗಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಒಬ್ಬರು ಬೆಂಕಿ ಆರಿಸುವ ಸಾಧನ ಹಿಡಿದು ಕಾವಲಿರಲಿ.

ಬಿರುಕಿನ ಮೇಲೆ ಬೆಸುಗೆ ಎಳೆಯುವುದಲ್ಲ, ಬಿರುಕನ್ನೇ ಗ್ರೈಂಡರ್‌ನಿಂದ ಪೂರ್ತಿ ಕೆತ್ತಿ ತೆಗೆಯಬೇಕು. ಸುಮಾರು 60 ಡಿಗ್ರಿಯ 'ವಿ' ಆಕಾರದ ತೋಡು, ಬುಡದಲ್ಲಿ 2ರಿಂದ 3 ಮಿ.ಮೀ. ಸಂದು, ಹಿಂದುಗಡೆ ತಾಮ್ರದ ಪಟ್ಟಿ. ಫ್ಲ್ಯಾಂಜ್‌ನ ಅಂಚಿಗೆ ಅಷ್ಟೇ ದಪ್ಪದ ಚಿಕ್ಕ ತುಂಡು ಅಂಟಿಸಿ, ಒಳತುದಿಯಿಂದ ಹೊರಟು ಬೆಸುಗೆಯನ್ನು ಆ ತುಂಡಿನ ಮೇಲೆ ಮುಗಿಸಿ, ನಂತರ ಕತ್ತರಿಸಿ. ಇಲ್ಲದಿದ್ದರೆ ಬೆಸುಗೆ ನಿಲ್ಲಿಸಿದಲ್ಲಿ ಆಗುವ ಕುಳಿ ಅಂಚಿನಲ್ಲೇ ಉಳಿದು ಮುಂದಿನ ಬಿರುಕಿಗೆ ದಾರಿಯಾಗುತ್ತದೆ. ವೆಲ್ಡಿಂಗ್ ರಾಡ್ ಇ 7018 (ಹೈಡ್ರೋಜನ್ ಕಡಿಮೆ ಇರುವ ಬಗೆ) ಇರಲಿ, 3.15 ಮಿ.ಮೀ., ಡಿಸಿಯಲ್ಲಿ ರಾಡ್ ಪಾಸಿಟಿವ್‌ಗೆ. ಎಲ್ಲೆಡೆ ಸಿಗುವ 6013 ಗೇಟು ಗ್ರಿಲ್‌ಗೆ ಸರಿ, ಚಾಸಿಗೆ ಬೇಡ. ಆಳಕ್ಕೆ ಇಳಿಯುವುದಿಲ್ಲ, ಬೆಸುಗೆಯಲ್ಲಿ ಬಿರುಕು ತರುವ ಹೈಡ್ರೋಜನ್ ಕೂಡ ಹೆಚ್ಚು. 7018 ತೇವ ಕುಡಿದರೆ ಅದೂ ಕೆಟ್ಟದ್ದೇ. ಹೊರಗಿಟ್ಟು 4 ಗಂಟೆ ದಾಟಿದ ರಾಡನ್ನು ತಯಾರಕರು ಹೇಳಿದ ಕಾವಿನಲ್ಲಿ ಮತ್ತೆ ಒಣಗಿಸದೆ ಬಳಸಬೇಡಿ. ಪ್ರತಿ ಸುತ್ತಿನ ಕಿಟ್ಟ ತೆಗೆದು, ಕೊರೆದ ತೂತನ್ನೂ ತುಂಬಿ. ತಾನಾಗಿ ಆರಲಿ, ನೀರು ಎರಚಬೇಡಿ. ಸಮತಟ್ಟಾಗಿ ಉಜ್ಜುವಾಗ ಗ್ರೈಂಡರ್ ಗೀರು ತೊಲೆಯ ಉದ್ದಕ್ಕೇ ಇರಬೇಕು, ಅಡ್ಡ ಗೀರೂ ಒಂದು ಬಿರುಕಿನ ಬೀಜ. ಆಮೇಲೆ ಮತ್ತೊಮ್ಮೆ ಡೈ ಪರೀಕ್ಷೆ.

ಪಟ್ಟಿ ಬೇಕಾದರೆ ಅದು ತೊಲೆಗಿಂತ ದಪ್ಪ ಇರಬಾರದು. ದಪ್ಪವಾದಷ್ಟೂ ಅದು ಮುಗಿಯುವಲ್ಲಿ ಬಿಗಿಯಿಂದ ಬಳುಕಿಗೆ ಒಮ್ಮೆಲೇ ಜಿಗಿತ. ತುದಿಗಳನ್ನು ಓರೆಯಾಗಿ ಅಥವಾ ತೆರೆದ ಕಪ್ಪೆ ಬಾಯಿಯಂತೆ, ನಡುಭಾಗ ಒಳಸರಿಯುವ ಹಾಗೆ ಕತ್ತರಿಸಿ. ತುದಿಯಲ್ಲಿ ಮೇಲಿಂದ ಕೆಳಗೆ ನೇರ ಬೆಸುಗೆ ಗೆರೆ ಬೇಡ. ತೊಲೆಯ ನೇರ ಗೋಡೆಗೆ 10.9 ದರ್ಜೆಯ ಗಟ್ಟಿ ಬೋಲ್ಟ್‌ಗಳಿಂದ ಬಿಗಿಯುವುದು ಒಳ್ಳೆಯದು. ರೀಮರ್‌ನಿಂದ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಹದಮಾಡಿದ ತೂತಿಗೆ ಬೋಲ್ಟ್ ಸಡಿಲವಿಲ್ಲದೆ ಕೂರಬೇಕು, ಎರಡು ತಗಡು ಸೇರುವ ಕಡೆ ಬೋಲ್ಟಿನ ಥ್ರೆಡ್ ಬರಬಾರದು. ಸುತ್ತ ಕಂದು ಪುಡಿ ಕಾಣುವ ರಿವೆಟ್ ಸಡಿಲಾಗಿದೆ ಎಂದೇ ಅರ್ಥ. ಅದನ್ನು ಗ್ಯಾಸ್‌ನಿಂದ ಸುಡದೆ ತಲೆ ಉಜ್ಜಿ, ಕೊರೆದು ಹೊರತೆಗೆದು ಬೋಲ್ಟ್ ಹಾಕಿ. ಪಟ್ಟಿ ಕೂರಿಸುವ ಮುನ್ನ ಎರಡೂ ಮುಖಕ್ಕೆ ಸತುವಿನ ಪ್ರೈಮರ್ ಬಳಿದು, ಕೊನೆಗೆ ಅಂಚು ಸೀಲ್ ಮಾಡಿ. ಒಳಗೆ ಸೇರಿದ ನೀರು ತುಕ್ಕು ಹುಟ್ಟಿಸಿದರೆ ಅದು ಉಬ್ಬಿ ಪಟ್ಟಿಯನ್ನೇ ಬಗ್ಗಿಸುತ್ತದೆ.

ಚೌಕ ಕೊಳವೆಗಳ ಪಂಜರವೇ ಚಾಸಿಯಾಗಿರುವ ಬಸ್ಸಿನ ಕಥೆ ಬೇರೆ. ಕೊಳವೆಯನ್ನು ತುಕ್ಕು ಒಳಗಿನಿಂದ ತಿಂದಿರಬಹುದು. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಒಳಗೊಂದು ತೋಳು (ಬಿಗಿಯಾಗಿ ಕೂರುವ ಚಿಕ್ಕ ಕೊಳವೆ) ಕೊಟ್ಟು ಹೊಸ ತುಂಡು ಸೇರಿಸಬೇಕು.

ರಿಪೇರಿಯಾದ 500 ಕಿ.ಮೀ.ಗೆ ಬೋಲ್ಟ್‌ಗಳ ಬಿಗಿ ನೋಡಿ, ಆಮೇಲೆ ಆಯಿಲ್ ಬದಲಿಸಿದಾಗಲೆಲ್ಲ ಆ ಜಾಗಕ್ಕೆ ಟಾರ್ಚ್ ಹಾಕಿ. ಕೆಳಭಾಗಕ್ಕೆ ಡಾಂಬರಿನಂಥ ಕಪ್ಪು ಲೇಪ ಬಳಿಯುವ ರೂಢಿ ಇದೆ. ಅದರಡಿ ಗೇಣುದ್ದದ ಬಿರುಕೂ ಅಡಗಿ ಕೂರುತ್ತದೆ. ರಿಪೇರಿಯಾದ ಜಾಗಕ್ಕಾದರೂ ತೆಳು ಬೂದು ಬಣ್ಣ ಹಚ್ಚಿದರೆ ತುಕ್ಕಿನ ಮೊದಲ ಎಳೆ ಕಣ್ಣಿಗೆ ಬೀಳುತ್ತದೆ.

ಇಂತಿ,
ಭಾರಿ ವಾಹನಗಳ ಚಾಸಿ ಕೆಲಸ ಮಾಡುವ ಓದುಗರು