ಲಾಕಪ್‌ನ್ಯಾಗ ನಡುಗಾವನಿಗೆ ಅವತ್ತ ರಾತ್ರಿನ ಡಾಕ್ಟರ್ ಬೇಕ್ರಿ

ಮಾನ್ಯ ಗೃಹ ಸಚಿವರಿಗೆ ಬೆಳಗಾವಿಯಿಂದ ನಮಸ್ಕಾರ್ರಿ.

ಚಳಿಗಾಲದ ಅಧಿವೇಶನಕ್ಕ ಸುವರ್ಣ ವಿಧಾನಸೌಧಕ್ಕ ಬರ್ತೀರಲ್ರಿ, ಅದಕ್ಕಿಂತ ಮೊದಲ ಇದನ್ನ ಓದ್ರಿ ಅಂತ ಬರ್ಯಾಕತ್ತೀನಿ. ನಮ್ಮ ಕಾಕಾನ ಮಗಗ ಮೊದಲ ಸೆರೆ ಚಟ, ಆಮ್ಯಾಲ ನಿದ್ದಿ ಗುಳಿಗಿ. ಒಂದಿನ ಸಂಜೀಕ ಪೊಲೀಸ್ರು ಕರ್ಕೊಂಡ ಹೋದ್ರು. ಮರುದಿನ ನೋಡಾಕ ಹೋದ್ರ ಗ್ವಾಡಿಗೆ ಆತು ಕುಂತಿದ್ದ, ಕೈ ನಡುಗ್ತಿದ್ವು, ಅಂಗಿ ಬೆವರಿಗೆ ತೊಯ್ದು ತಪ್ಪಡಿ ಆಗಿತ್ತು, ನಮ್ಮ ಕಾಕು ಹೆಸರ ಹಿಡದ ಕರದ್ರೂ ಗುರುತ ಹತ್ಲಿಲ್ಲ. ಅಲ್ಲಿದ್ದಾವ್ರು ‘ನಾಟಕ ಮಾಡಾಕತ್ತಾನ’ ಅಂದ್ರು. ಕಾಕು ಕೈಮುಗದು ಅತ್ತಮ್ಯಾಲ ದವಾಖಾನಿಗೆ ಬಿಟ್ರು, ಅಲ್ಲಿ ಮೆಟ್ಲ ಮ್ಯಾಲನ ಫಿಟ್ಸ್ ಬಂತು. ಅದು ಲಾಕಪ್‌ನ್ಯಾಗ ಬಂದಿದ್ರ?

ದಿನಾ ಕುಡಿಯಾವ್ರು, ದಿನಾ ನಿದ್ದಿ ಗುಳಿಗಿ ನುಂಗಾವ್ರು ಒಮ್ಮಿಂದೊಮ್ಮೆಲೆ ನಿಲ್ಲಸಿದ್ರ ಜೀವಾನ ಹೋಗಬಹುದು ಸಾಹೇಬ್ರ. ಸೆರೆ ಬಿಟ್ಟ ಮೊದಲ ಎರಡು ದಿನದಾಗ ಫಿಟ್ಸ್ ಬರ್ತಾವ, ಮೂರನೇ ದಿನದ ಹೊತ್ತಿಗೆ ಭ್ರಮಣಿ ಹಿಡದ ಇಲ್ಲದ್ದೆಲ್ಲಾ ಕಾಣಾಕ ಶುರು ಆಗ್ತೈತಿ, ಪೊಲೀಸ್ರು ಹಿಡದ ಒಳಗ ಹಾಕಿರೂದೂ ಇದ ಹೊತ್ತಿನ್ಯಾಗ. 1996ರ ಡಿ.ಕೆ. ಬಸು ತೀರ್ಪಿನ್ಯಾಗ ಸುಪ್ರೀಂ ಕೋರ್ಟ್ ಪೊಲೀಸ್ರು ಹಿಡದ ಇಟ್ಟಾವ್ರನ್ನ 48 ತಾಸಿಗೊಮ್ಮೆ ಡಾಕ್ಟರ್ ನೋಡಬೇಕು ಅಂದೈತಿ, ಖರೇ, ಆದ್ರ ಚಟದಾವ್ರಿಗೆ 48 ತಾಸು ಭಾಳ ಆತ್ರಿ. 1985ರ ಎನ್‌ಡಿಪಿಎಸ್ ಅನ್ನೂ ಮಾದಕ ವಸ್ತು ಕಾಯ್ದೆನೂ ಸಣ್ಣ ಪ್ರಮಾಣದ ಕೇಸಿನ್ಯಾಗ ತಾನಾಗಿ ಚಿಕಿತ್ಸಾಕ ಬಂದ ಚಟದಾವ್ನ ಮ್ಯಾಲ ಕೇಸ್ ನಡಸಬ್ಯಾಡ್ರಿ ಅಂತ 64ಎ ಕಲಮಿನ್ಯಾಗ ಹೇಳೈತಿ, ಅಂದ್ರ ಕಾನೂನಿಗೂ ಅಂವ ಪೇಶಂಟ್ ಅಂತ ಗೊತ್ತೈತಿ.

ಲಾಕಪ್‌ನ್ಯಾಗ ಯಾರರ ಸತ್ರ ‘ಅಂವ ಮೊದಲ ಚಟದಾವ’ ಅನ್ನೂ ಮಾತು ಬಂದಬಿಡ್ತೈತಿ, ಊರ ಮಂದೀನೂ ಸುಮ್ಮನಾಗ್ತಾರ. ಚಟ ಅವಂದು ಇರಬಹುದು, ಕೀಲಿ ಯಾರ ಕೈಯಾಗ ಇತ್ತು? ಬಡದ ಸತ್ರೂ ಅಷ್ಟ, ಬಡೀಲಾರದ ಡಾಕ್ಟರ್‌ಗೆ ತೋರಿಸಲಾರದ ಸತ್ರೂ ಅಷ್ಟ, ಜವಾಬ್ದಾರಿ ಇಲಾಖೆದ. ಮ್ಯಾಜಿಸ್ಟ್ರೇಟ್ ತನಿಖಿ ಆಗೂದು ಮನಷಾ ಹೋದಮ್ಯಾಲ, ನಾ ಕೇಳಾಕತ್ತಿದ್ದು ಹೋಗೂಕಿಂತ ಮೊದಲಿನ ಮಾತು.

ಕಾನ್‌ಸ್ಟೇಬಲ್‌ಗಳ ಮ್ಯಾಲ ನನಗ ಸಿಟ್ಟಿಲ್ರಿ, ನಡುಗಾವ್ನ ನೋಡಿ ನಾಟಕ ಅಂತ ತಿಳ್ಕೊಳ್ಳೂದು ಇದು ಬ್ಯಾನಿ ಅಂತ ಅವ್ರಿಗೆ ಯಾರೂ ಕಲಸಿಲ್ಲ ಅನ್ನೂದಕ್ಕ. ಒಂದು ಸುತ್ತೋಲೆ ಹೊರಡಸ್ರಿ. ಒಳಗ ತಂದ ಕೂಡ್ಲೇ ಏನ್ ಚಟ, ಕಡೀಕ ಯಾವಾಗ ತಗೊಂಡಿ ಅಂತ ಕೇಳಿ ಡೈರಿಯೊಳಗ ಬರೀಲಿ, ಹೌದಂದ್ರ ಅವತ್ತ ರಾತ್ರಿನ ಸರ್ಕಾರಿ ದವಾಖಾನಿಗೆ ಒಯ್ಯಲಿ, ಆ ರಾತ್ರಿಯ ಸಿಸಿಟಿವಿ ಅಳಸಬಾರದು. ಸುತ್ತೋಲೆಯ ಕಾಪಿ ಎಲ್ಲಾ ಸ್ಟೇಷನ್ ಬಾಗಲದಾಗ ಹಚ್ಚಸ್ರಿ, ನಮ್ಮ ಕಾಕುನಂಥಾವ್ರಿಗೆ ಕಾಣೂ ಹಂಗ, ದೊಡ್ಡ ಅಕ್ಷರದಾಗ.